ವಲ್ಕನ್ ಪ್ರೋಗ್ರಾಮ್ ಒಂದನ್ನು ಮ್ಯಾಕ್‌ಗೆ ಒಗ್ಗಿಸಿದ ಕೆಲಸದ ದಾಖಲೆ

ಕೆಲಸ ಇಷ್ಟೇ: ಲಿನಕ್ಸ್‌ನಲ್ಲಿ ಸಿ ಪ್ಲಸ್ ಪ್ಲಸ್ ಮತ್ತು ವಲ್ಕನ್ 1.2 (ಜಿಪಿಯು, ಅಂದರೆ ಗ್ರಾಫಿಕ್ಸ್ ಚಿಪ್‌ಗೆ ಕೆಲಸ ಹೇಳುವ ಕರೆಗಳ ವ್ಯವಸ್ಥೆ) ಬಳಸಿ ಬರೆದ ತ್ರೀಡಿ ಮಾದರಿ ವೀಕ್ಷಕವೊಂದು ಅದೇ ಸೋರ್ಸ್ ಕೋಡಿನಿಂದ ಮ್ಯಾಕ್‌ಓಎಸ್ ಮೇಲೂ ಓಡಬೇಕು. ಬೇರೆಯವರ ಮ್ಯಾಕ್‌ಗೆ ಕಳಿಸಿದರೆ ಎರಡು ಸಲ ಕ್ಲಿಕ್ ಮಾಡಿದ ಕೂಡಲೇ ತೆರೆಯಬೇಕು. ಎರಡನೆಯ ಮಾತು ಹೇಳುವಷ್ಟು ಸುಲಭವಲ್ಲ ಎಂಬುದು ಹಂತ 7ರಲ್ಲಿ ಗೊತ್ತಾಗುತ್ತದೆ.

ಆಪಲ್ ವಲ್ಕನ್ ಡ್ರೈವರ್ ಕೊಡುವುದಿಲ್ಲ. ವಲ್ಕನ್ 1.0 ಹೊರಬಂದದ್ದು 2016ರ ಫೆಬ್ರವರಿಯಲ್ಲಿ. ಅಷ್ಟರಲ್ಲಿ ಆಪಲ್ ಅದೇ ಕೆಲಸಕ್ಕೆ ತನ್ನದೇ ಆದ ಮೆಟಲ್ ಅನ್ನು 2014ರಲ್ಲಿ ಐಫೋನ್‌ಗೆ, 2015ರಲ್ಲಿ ಮ್ಯಾಕ್‌ಗೆ ತಂದಾಗಿತ್ತು. ಇನ್ನೂ ಹಳೆಯ ಗ್ರಾಫಿಕ್ಸ್ ವ್ಯವಸ್ಥೆ ಓಪನ್‌ಜಿಎಲ್ ಹಿಡಿದು ಹೋಗೋಣವೆಂದರೆ ಮ್ಯಾಕ್‌ನಲ್ಲಿ ಅದು 4.1ಕ್ಕೆ ನಿಂತುಬಿಟ್ಟಿದೆ. ಕಂಪ್ಯೂಟ್ ಶೇಡರ್ (ಶೇಡರ್ ಎಂದರೆ ಜಿಪಿಯು ಮೇಲೆ ಓಡುವ ಸಣ್ಣ ಪ್ರೋಗ್ರಾಮ್, ಇದು ಲೆಕ್ಕ ಮಾಡುವ ಬಗೆಯದು) ಬೇಕಾದರೆ 4.3 ಬೇಕು. ಮೇಲಾಗಿ 2018ರ ಮೊಹಾವೆಯಿಂದ (10.14) ಅದನ್ನು ಹಳತೆಂದು ಬದಿಗಿಡಲಾಗಿದೆ. ಮೆಟಲ್‌ನಲ್ಲೇ ಎರಡನೆಯ ರೆಂಡರರ್ ಬರೆದರೆ ಪ್ರತಿಯೊಂದು ದೋಷವನ್ನೂ ಎರಡು ಕಡೆ ತಿದ್ದಬೇಕು. ಉಳಿದದ್ದು ಮೋಲ್ಟನ್‌ವಿಕೆ. ವಲ್ಕನ್ ಕರೆಗಳನ್ನು ಮೆಟಲ್ ಕರೆಗಳಾಗಿ ಹೇಳಿಕೊಡುವ ದುಬಾಷಿ ಇದು. ಮೊದಲು ಬ್ರೆನ್‌ವಿಲ್ ವರ್ಕ್‌ಶಾಪ್‌ನವರ ಮಾರಾಟದ ಸರಕಾಗಿತ್ತು. 2018ರ ಫೆಬ್ರವರಿಯಲ್ಲಿ ವಾಲ್ವ್ ಕಂಪನಿಯ ನೆರವಿನಿಂದ ಅಪಾಚೆ 2.0 ಲೈಸೆನ್ಸಿನಡಿ ಮುಕ್ತವಾಯಿತು. ಈಗ ವಲ್ಕನ್ ನಿಯಮ ರೂಪಿಸುವ ಕ್ರೋನೋಸ್ ಸಂಸ್ಥೆಯ ಗಿಟ್‌ಹಬ್ ಖಾತೆಯಲ್ಲಿದೆ.

ಕೆಳಗೆ ಕಮಾಂಡು, ಫ್ಲ್ಯಾಗುಗಳ ಹೆಸರು ಉಚ್ಚಾರದಂತೆ ಇವೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರವೇ ಬೇಕು.

ಹಂತ 0: ಸಾಮಾನು ಮತ್ತು ಖರ್ಚು

8 ಜಿಬಿಯ ಎಂ1 ಮ್ಯಾಕ್ ಮಿನಿ ಒಂದು, ಪರೀಕ್ಷೆಗೆ ಹಳೆಯ ಇಂಟೆಲ್ ಮ್ಯಾಕ್‌ಬುಕ್ ಒಂದು. ಆಪಲ್‌ನ ಪ್ರೋಗ್ರಾಮಿಂಗ್ ಸಲಕರಣೆ ಎಕ್ಸ್‌ಕೋಡ್ ಪೂರ್ತಿ ಬೇಕು, ಕಮಾಂಡ್ ಲೈನ್ ಟೂಲ್ಸ್ ಮಾತ್ರ ಇದ್ದರೆ ಸಾಲದು. ಅದಕ್ಕೆ ಡಿಸ್ಕಿನಲ್ಲಿ ಹತ್ತಾರು ಜಿಬಿ ಮೊದಲೇ ಖಾಲಿ ಮಾಡಿಟ್ಟುಕೊಳ್ಳಿ. ಹೋಂಬ್ರೂ (ಪ್ಯಾಕೇಜ್ ಹಾಕಿಕೊಡುವ ಸಲಕರಣೆ) ಮೂಲಕ ಸಿಮೇಕ್, ನಿಂಜಾ, ಪೈಥಾನ್ 3. ಲೂನಾರ್‌ಜಿ ಕಂಪನಿಯವರ ವಲ್ಕನ್ ಎಸ್‌ಡಿಕೆ (ಡೆವಲಪರ್‌ಗೆ ಬೇಕಾದ ಲೈಬ್ರರಿ, ಹೆಡರ್‌ಗಳ ಕಟ್ಟು). ಯಂತ್ರಗಳನ್ನು ಬಿಟ್ಟರೆ ಇವೆಲ್ಲ ಉಚಿತ. ದುಡ್ಡು ಹೋಗುವುದು ಒಂದೇ ಕಡೆ: ಆಪಲ್ ಡೆವಲಪರ್ ಸದಸ್ಯತ್ವಕ್ಕೆ ವರ್ಷಕ್ಕೆ 99 ಡಾಲರ್. ಪ್ರೋಗ್ರಾಮ್ ನಿಮ್ಮ ಯಂತ್ರದಲ್ಲಿ ಮಾತ್ರ ಓಡಿದರೆ ಸಾಕೆಂದಾದರೆ ಅದೂ ಬೇಡ.

ಹಂತ 1: ಮೋಲ್ಟನ್‌ವಿಕೆ ಕಟ್ಟುವುದು

ಎಸ್‌ಡಿಕೆಯಲ್ಲಿ ಸಿದ್ಧ ಲೈಬ್ರರಿ ಇರುತ್ತದೆ. ಹೆಚ್ಚಿನವರಿಗೆ ಅಷ್ಟೇ ಸಾಕು. ಲೈಬ್ರರಿಯ ಒಳಗೇ ಲಾಗ್ ಸಾಲು ಸೇರಿಸಿ ನೋಡಬೇಕಾದ ಸಂದರ್ಭ ಮುಂದೆ ಬಂದೇ ಬರುತ್ತದೆಂದು ಇಲ್ಲಿ ಸೋರ್ಸ್‌ನಿಂದಲೇ ಕಟ್ಟಿದ್ದು. ಮೂರು ಹೆಜ್ಜೆ: ಗಿಟ್ ಕ್ಲೋನ್, ಆಮೇಲೆ ಫೆಚ್‌ಡಿಪೆಂಡೆನ್ಸೀಸ್ ಸ್ಕ್ರಿಪ್ಟನ್ನು ಮ್ಯಾಕ್‌ಓಎಸ್ ಆಯ್ಕೆಯೊಂದಿಗೆ ಓಡಿಸುವುದು, ಕೊನೆಗೆ 'ಮೇಕ್ ಮ್ಯಾಕ್‌ಓಎಸ್'. ಆಯ್ಕೆಯಲ್ಲಿ 'ಆಲ್' ಎಂದು ಕೊಟ್ಟರೆ ಐಓಎಸ್, ಟಿವಿಓಎಸ್ ಎಲ್ಲಕ್ಕೂ ಕಟ್ಟುತ್ತ ಕೂರುತ್ತದೆ, ಬೇಡ.

ಮೊದಲ ಯತ್ನ ಮೊದಲ ನಿಮಿಷದಲ್ಲೇ ನಿಂತಿತು. ಎಕ್ಸ್‌ಕೋಡ್‌ಬಿಲ್ಡ್‌ಗೆ ಎಕ್ಸ್‌ಕೋಡ್ ಬೇಕು, ಆದರೆ ಸಕ್ರಿಯ ಫೋಲ್ಡರ್ ಕಮಾಂಡ್‌ಲೈನ್‌ಟೂಲ್ಸ್‌ನದ್ದು ಎಂಬ ದೂರು. ಎಕ್ಸ್‌ಕೋಡ್ ಇದ್ದರೂ ಹಳೆಯ ಆಯ್ಕೆ ಹಾಗೇ ಉಳಿದಿತ್ತು. 'ಸುಡೊ ಎಕ್ಸ್‌ಕೋಡ್-ಸೆಲೆಕ್ಟ್ -ಎಸ್' ಕೊಟ್ಟು ಎಕ್ಸ್‌ಕೋಡ್ ಆಪ್‌ನ ಒಳಗಿನ ಕಂಟೆಂಟ್ಸ್/ಡೆವಲಪರ್ ದಾರಿ ತೋರಿಸಿದ ಮೇಲೆ ಕೆಲಸ ಸಾಗಿತು. ಫಲ ಪ್ಯಾಕೇಜ್/ರಿಲೀಸ್ ಫೋಲ್ಡರಿನಲ್ಲಿ ಸಿಗುತ್ತದೆ: ಡೈಲಿಬ್ (ಮ್ಯಾಕ್‌ನ ಲೈಬ್ರರಿ ಕಡತ) ಒಂದು, ಪಕ್ಕದಲ್ಲಿ ಆ ಡ್ರೈವರ್ ಎಲ್ಲಿದೆಯೆಂದು ಹೇಳುವ ಐಸಿಡಿ ಜೇಸನ್ ಕಡತ. 'ಲೈಪೋ -ಇನ್ಫೋ' ಹಾಕಿ ಎಆರ್‌ಎಂ64 (ಎಂ ಸರಣಿಗೆ), ಎಕ್ಸ್86 (ಇಂಟೆಲ್‌ಗೆ) ಎರಡೂ ಇವೆಯೇ ಎಂದು ಇಲ್ಲೇ ನೋಡಿಕೊಳ್ಳಿ. ಹೋಂಬ್ರೂವಿನ ಲೈಬ್ರರಿಗಳಲ್ಲಿ ಒಂದೇ ಇರುತ್ತದೆ. ಎರಡೂ ಬಗೆಯ ಮ್ಯಾಕ್‌ಗೆ ಒಂದೇ ಆಪ್ ಕಟ್ಟುವಾಗ ಲಿಂಕರ್ ಅಲ್ಲೇ ಮುಗ್ಗರಿಸುತ್ತದೆ. ಕೊನೆಗೆ ಕಿಟಕಿ ತೆರೆದುಕೊಡುವ ಜಿಎಲ್‌ಎಫ್‌ಡಬ್ಲ್ಯೂ ಲೈಬ್ರರಿಯನ್ನೂ ಸೋರ್ಸ್‌ನಿಂದ, ಎರಡೂ ಆರ್ಕಿಟೆಕ್ಚರ್ ಹೇಳಿ ಕಟ್ಟಬೇಕಾಯಿತು.

ಹಂತ 2: ಲೈಬ್ರರಿ ಕಣ್ಣಿಗೇ ಬೀಳುತ್ತಿಲ್ಲ

ಜಿಎಲ್‌ಎಫ್‌ಡಬ್ಲ್ಯೂ 'ವಲ್ಕನ್ ಇಲ್ಲ' ಎನ್ನುತ್ತಿತ್ತು. ಕಾರಣ: ಎಂ ಸರಣಿಯ ಮ್ಯಾಕ್‌ಗಳಲ್ಲಿ ಹೋಂಬ್ರೂ ತನ್ನ ಲೈಬ್ರರಿಗಳನ್ನು ಆಪ್ಟ್/ಹೋಂಬ್ರೂ ಕೆಳಗೆ ಇಡುತ್ತದೆ. ಬರಿಯ ಹೆಸರು ಕೊಟ್ಟು ಲೈಬ್ರರಿ ತೆರೆಯಲು ಹೋದರೆ ಸಿಸ್ಟಮ್ ಆ ಜಾಗವನ್ನು ಹುಡುಕುವುದೇ ಇಲ್ಲ.

ಅಡ್ಡದಾರಿ ಎಂದು, ಲೈಬ್ರರಿ ಹುಡುಕುವ ಜಾಗ ಹೇಳುವ ವೇರಿಯಬಲ್ ಡಿವೈಎಲ್‌ಡಿ_ಲೈಬ್ರರಿ_ಪಾತ್ ಹೊಂದಿಸಿದ್ದಾಯಿತು. ಟರ್ಮಿನಲ್‌ನಲ್ಲಿ ನೇರ ಓಡಿಸಿದರೆ ಸರಿ, ಬ್ಯಾಶ್ ಸ್ಕ್ರಿಪ್ಟ್ ಮೂಲಕ ಓಡಿಸಿದರೆ ಮತ್ತೆ ಇಲ್ಲ. ಸಿಸ್ಟಮ್ ರಕ್ಷಣೆಯಡಿ ಇರುವ ಬಿನ್ ಫೋಲ್ಡರಿನ ಶೆಲ್ ಶುರುವಾಗುವಾಗಲೇ ಡಿವೈಎಲ್‌ಡಿ ಹೆಸರಿನ ವೇರಿಯಬಲ್‌ಗಳನ್ನೆಲ್ಲ ಒರೆಸಿಬಿಡುತ್ತದೆ, ತಪ್ಪು ಸಂದೇಶವೂ ಬರುವುದಿಲ್ಲ. ಅರ್ಧ ದಿನ ಇದರಲ್ಲೇ ಹೋಯಿತು. ಸರಿಯಾದ ಮದ್ದು ಒಂದೇ: ಪ್ರೋಗ್ರಾಮಿನೊಳಗೆ ಆರ್‌ಪಾತ್ (ಲೈಬ್ರರಿ ಹುಡುಕುವ ದಾರಿ) ಬರೆದು, ಲೈಬ್ರರಿಯನ್ನು 'ಆಟ್-ಆರ್‌ಪಾತ್' ಮೂಲಕ ಲಿಂಕ್ ಮಾಡುವುದು. ಮುಂದೆ ಪ್ಯಾಕ್ ಮಾಡುವಾಗಲೂ ಇದೇ ಬೇಕು. ಹಾಗಾಗಿ ಮೊದಲ ದಿನವೇ ಮಾಡಿಡಿ.

ಹಂತ 3: ಮೈನಸ್ 9

ಲೈಬ್ರರಿ ಸಿಕ್ಕಿತು, ವಲ್ಕನ್‌ನ ಮೊದಲ ಹೆಜ್ಜೆಯಾದ ಇನ್‌ಸ್ಟೆನ್ಸ್ ಸೃಷ್ಟಿಸುವಾಗ -9 ಬಂತು. ಡ್ರೈವರ್ ಹೊಂದುವುದಿಲ್ಲ ಎಂದು ಅರ್ಥ. ಎಸ್‌ಡಿಕೆ 1.3.216ರಿಂದ ಈಚೆಗೆ ಲೋಡರ್‌ನ (ಡ್ರೈವರ್ ಹುಡುಕಿ ಜೋಡಿಸುವ ಲೈಬ್ರರಿ) ನಡವಳಿಕೆ ಬದಲಾಗಿದೆ. ಮೋಲ್ಟನ್‌ವಿಕೆಯಂತೆ ವಲ್ಕನ್‌ನ ಕೆಲವು ಭಾಗ ಇಲ್ಲದ ಡ್ರೈವರನ್ನು, ನಾವಾಗಿ ಕೇಳದೆ ಅದು ತೋರಿಸುವುದಿಲ್ಲ. ಕೇಳುವುದಕ್ಕೆ ಎರಡು ಕೆಲಸ ಒಟ್ಟಿಗೇ ಆಗಬೇಕು: 'ಪೋರ್ಟಬಿಲಿಟಿ ಎನ್ಯೂಮರೇಷನ್' ಎಕ್ಸ್‌ಟೆನ್ಷನ್ ಪಟ್ಟಿಗೆ ಸೇರಬೇಕು, ಇನ್‌ಸ್ಟೆನ್ಸ್ ಮಾಹಿತಿಯ ಫ್ಲ್ಯಾಗ್ಸ್‌ನಲ್ಲಿ 'ಎನ್ಯೂಮರೇಟ್ ಪೋರ್ಟಬಿಲಿಟಿ' ಬಿಟ್ ಏರಬೇಕು. ಮೊದಲು ಎಕ್ಸ್‌ಟೆನ್ಷನ್ ಮಾತ್ರ ಸೇರಿಸಿ ಬಿಟ್ ಮರೆತದ್ದರಿಂದ -9 ಹಾಗೇ ಇತ್ತು. ಆ ಎಕ್ಸ್‌ಟೆನ್ಷನ್ ಇದೆಯೇ ಎಂದು ಕೇಳಿ, ಇದ್ದರೆ ಮಾತ್ರ ಎರಡನ್ನೂ ಹಾಕುವಂತೆ ಬರೆದರೆ ಅದೇ ಕೋಡ್ ಲಿನಕ್ಸ್‌ನಲ್ಲೂ ತೊಂದರೆಯಿಲ್ಲದೆ ಓಡುತ್ತದೆ.

ಡಿವೈಸ್ ಮಟ್ಟದಲ್ಲಿ ಇನ್ನೊಂದು ನಿಯಮ: 'ಪೋರ್ಟಬಿಲಿಟಿ ಸಬ್‌ಸೆಟ್' ಎಂಬ ಎಕ್ಸ್‌ಟೆನ್ಷನ್ ಪಟ್ಟಿಯಲ್ಲಿ ಕಂಡರೆ ಅದನ್ನು ಸಕ್ರಿಯಗೊಳಿಸಲೇಬೇಕು. ಇಷ್ಟವಿದ್ದರೆ ಎಂಬ ಮಾತಿಲ್ಲ. ಅದರ ಸ್ಟ್ರಕ್ಟ್‌ಗಳು ಬೀಟಾ ಹೆಡರಿನಲ್ಲಿರುವುದರಿಂದ ವಲ್ಕನ್ ಹೆಡರ್ ಸೇರಿಸುವ ಮುಂಚೆ 'ವಿಕೆ_ಎನೇಬಲ್_ಬೀಟಾ_ಎಕ್ಸ್‌ಟೆನ್ಷನ್ಸ್' ಡಿಫೈನ್ ಮಾಡಬೇಕು. ಇಲ್ಲವಾದರೆ ಕಂಪೈಲರ್ ಆ ಹೆಸರೇ ಕೇಳಿಲ್ಲ ಎನ್ನುತ್ತದೆ. ಈ ಸ್ಟ್ರಕ್ಟ್‌ನಲ್ಲಿ ಏನೇನಿಲ್ಲ ಎಂಬ ಪಟ್ಟಿಯೇ ಸಿಗುತ್ತದೆ. ಓದಿ ಲಾಗ್‌ಗೆ ಬರೆಸಿ, ಮುದ್ರಿಸಿ ಗೋಡೆಗೆ ಅಂಟಿಸಿಕೊಂಡರೂ ತಪ್ಪಿಲ್ಲ.

ಹಂತ 4: ಕಿಟಕಿ ತೆರೆಯಿತು, ಚಿತ್ರ ಕಾಲು ಭಾಗ

ಚಿತ್ರ ಬೀಳುವ ಜಾಗವಾದ ವಲ್ಕನ್ ಸರ್ಫೇಸ್‌ನ ಕೆಳಗೆ ಮ್ಯಾಕ್‌ನಲ್ಲಿ ಇರುವುದು ಸಿಎ-ಮೆಟಲ್-ಲೇಯರ್. ಜಿಎಲ್‌ಎಫ್‌ಡಬ್ಲ್ಯೂ ಅದನ್ನು ತಾನೇ ಕಟ್ಟಿಕೊಡುತ್ತದೆ. ಕೈಯಾರೆ ಮಾಡುವವರು 'ಎಕ್ಸ್‌ಟಿ ಮೆಟಲ್ ಸರ್ಫೇಸ್' ಬಳಸಿ, ಹಳೆಯ ಉದಾಹರಣೆಗಳಲ್ಲಿ ಕಾಣುವ 'ಎಂವಿಕೆ ಮ್ಯಾಕ್‌ಓಎಸ್ ಸರ್ಫೇಸ್' ಬಿಡಿ.

ಚಿತ್ರ ಕಿಟಕಿಯ ಒಂದು ಮೂಲೆಯಲ್ಲಿ ಕಾಲು ಭಾಗ ಮಾತ್ರ ಬಂತು. ರೆಟಿನಾ ಪರದೆಯಲ್ಲಿ 1280×720 ಅಳತೆಯ ಕಿಟಕಿಗೆ ನಿಜವಾದ ಪಿಕ್ಸೆಲ್ 2560×1440. ಕೋಡಿನಲ್ಲಿ ವ್ಯೂಪೋರ್ಟಿಗೆ (ಚಿತ್ರ ಬಿಡಿಸುವ ಚೌಕ) ಕಿಟಕಿಯ ಗಾತ್ರ, ಸ್ವಾಪ್‌ಚೈನಿಗೆ (ಸರದಿಯಲ್ಲಿ ಪರದೆಗೆ ಹೋಗುವ ಚಿತ್ರಗಳ ಸಾಲು) ಫ್ರೇಮ್‌ಬಫರಿನ, ಅಂದರೆ ನಿಜವಾದ ಪಿಕ್ಸೆಲ್‌ಗಳ ಗಾತ್ರ ಹೋಗಿತ್ತು. ಲಿನಕ್ಸ್‌ನ ಆ ಪರದೆಯಲ್ಲಿ ಎರಡೂ ಒಂದೇ ಆಗಿದ್ದರಿಂದ ದೋಷ ಇಷ್ಟು ದಿನ ಅಡಗಿತ್ತು. ಗಾತ್ರ ಕೇಳುವಲ್ಲೆಲ್ಲ ಫ್ರೇಮ್‌ಬಫರ್ ಗಾತ್ರವನ್ನೇ ಕೇಳಿ. ಮೌಸ್ ಸ್ಥಾನ ಮಾತ್ರ ಕಿಟಕಿಯ ಅಳತೆಯಲ್ಲೇ ಬರುತ್ತದೆ, ಅದನ್ನು ಎರಡರಿಂದ ಗುಣಿಸದಿದ್ದರೆ ಕ್ಲಿಕ್ ಎಲ್ಲೋ, ಆಯ್ಕೆ ಎಲ್ಲೋ. ಎರಡು ಎಂದು ಕೋಡಿನಲ್ಲಿ ಕೊರೆದಿಡಲೂ ಬೇಡಿ. ಹೊರಗಿನ ಸಾದಾ ಮಾನಿಟರಿಗೆ ಕಿಟಕಿ ಎಳೆದರೆ ಅದು ಒಂದಾಗುತ್ತದೆ.

ಕಿಟಕಿಯ ಗಾತ್ರ ಬದಲಿಸಿದಾಗ ಚಿತ್ರ ಹಿಗ್ಗಿ ಮಸುಕಾಗುತ್ತಿತ್ತು. ಲಿನಕ್ಸ್‌ನಲ್ಲಿ 'ಔಟ್ ಆಫ್ ಡೇಟ್' ಬಂದಾಗ ಮಾತ್ರ ಸ್ವಾಪ್‌ಚೈನ್ ಮತ್ತೆ ಕಟ್ಟುವ ಕೋಡ್ ಇತ್ತು. ಮೋಲ್ಟನ್‌ವಿಕೆ ಇಲ್ಲಿ 'ಸಬ್‌ಆಪ್ಟಿಮಲ್' ಹೇಳುತ್ತದೆ. ಅದು ಯಶಸ್ಸಿನ ಸಾಲಿನ ಉತ್ತರ, ದೋಷವಲ್ಲ. ಹಾಗಾಗಿ ಶೂನ್ಯಕ್ಕಿಂತ ಕಡಿಮೆಯೇ ಎಂದು ಮಾತ್ರ ಪರೀಕ್ಷಿಸಿದರೆ ಕೈತಪ್ಪುತ್ತದೆ. ಎರಡನ್ನೂ ಒಂದೇ ದಾರಿಗೆ ಹಚ್ಚಿದ್ದರಿಂದ ಸರಿಹೋಯಿತು.

ಸ್ವಾಪ್‌ಚೈನ್‌ನ ಇನ್ನೂ ಮೂರು ಊಹೆಗಳು ಸುಳ್ಳಾದವು. ಚಿತ್ರಗಳ ಸಂಖ್ಯೆ 4 ಕೇಳಿತ್ತು. ಮೆಟಲ್ ಲೇಯರ್ ಕೊಡುವುದು 2 ಅಥವಾ 3 ಮಾತ್ರ. ಆರ್‌ಜಿಬಿಎ ಕ್ರಮದ 8 ಬಿಟ್ ಫಾರ್ಮ್ಯಾಟ್ ಕೇಳಿತ್ತು. ಲೇಯರಿಗೆ ಒಪ್ಪುವುದು ಬಿಜಿಆರ್‌ಎ ಕ್ರಮ. ಚಿತ್ರವನ್ನು ಪರದೆಗೆ ಕಳಿಸುವ ರೀತಿಗಳಲ್ಲಿ ಮೇಲ್‌ಬಾಕ್ಸ್ ಮೋಡ್ ಇಲ್ಲವೇ ಇಲ್ಲ. ಫೀಫೋ ಮತ್ತು ಇಮ್ಮೀಡಿಯೆಟ್ ಎರಡೇ. ಸ್ಕ್ರೀನ್‌ಶಾಟ್ ಉಳಿಸುವ ಭಾಗವೂ ಆರ್‌ಜಿಬಿಎ ಎಂದೇ ನಂಬಿತ್ತು, ಹಾಗಾಗಿ ಮೊದಲ ಸ್ಕ್ರೀನ್‌ಶಾಟ್‌ನಲ್ಲಿ ಕೆಂಪು ಮಾದರಿ ನೀಲಿಯಾಗಿ ಬಂತು.

ಎರಡು ಚಿಲ್ಲರೆ ಸಂಗತಿ. ಕಿಟಕಿ ಸೃಷ್ಟಿ ಮತ್ತು ಈವೆಂಟ್ ಲೂಪ್ ಮುಖ್ಯ ಥ್ರೆಡ್‌ನಲ್ಲೇ ಇರಬೇಕು, ಬೇರೆ ಥ್ರೆಡ್‌ನಲ್ಲಿ ಮಾಡಿದರೆ ಮ್ಯಾಕ್‌ನ ಕಿಟಕಿ ವ್ಯವಸ್ಥೆ ಕೊಕೊವಾ ಪ್ರೋಗ್ರಾಮನ್ನು ತಕ್ಷಣ ಬೀಳಿಸುತ್ತದೆ. ಜಿಎಲ್‌ಎಫ್‌ಡಬ್ಲ್ಯೂ ಶುರುವಾಗುವಾಗ, ಪ್ರೋಗ್ರಾಮ್ ಆಪ್ ಬಂಡಲ್‌ನ (ಒಂದೇ ಆಪ್‌ನಂತೆ ಕಾಣುವ ಫೋಲ್ಡರ್) ಒಳಗಿದ್ದರೆ, ಚಾಲ್ತಿ ಫೋಲ್ಡರನ್ನು ತಾನಾಗಿ ರಿಸೋರ್ಸಸ್‌ಗೆ ಬದಲಿಸುತ್ತದೆ. ಕಮಾಂಡ್ ಲೈನಿನಲ್ಲಿ ಕೊಟ್ಟ ಕಡತ ಸಿಗದೆ ಹೋದದ್ದು ಇದರಿಂದಲೇ. ಅದನ್ನು ತಡೆಯಲು 'ಕೊಕೊವಾ ಸಿಎಚ್‌ಡಿಐಆರ್ ರಿಸೋರ್ಸಸ್' ಎಂಬ ಇನಿಟ್ ಹಿಂಟ್ ಇದೆ.

ಹಂತ 5: ಮೆಟಲ್‌ನಲ್ಲಿ ಇಲ್ಲದ್ದು

ಕೆಲಸದ ಬಹುಪಾಲು ಇಲ್ಲಿ.

ಡೆಪ್ತ್ ಫಾರ್ಮ್ಯಾಟ್. 24 ಬಿಟ್ ಡೆಪ್ತ್ (ಪಿಕ್ಸೆಲ್ ಎಷ್ಟು ದೂರದ್ದು), 8 ಬಿಟ್ ಸ್ಟೆನ್ಸಿಲ್ (ಎಲ್ಲಿ ಬಿಡಿಸಬೇಕೆಂಬ ಗುರುತು) ಜೋಡಿ ಆಪಲ್ ಚಿಪ್‌ಗಳಲ್ಲಿ ಇಲ್ಲ. 32 ಬಿಟ್ ಫ್ಲೋಟ್ ಡೆಪ್ತ್ ಜೊತೆ 8 ಬಿಟ್ ಸ್ಟೆನ್ಸಿಲ್ ಇದೆ. ಬದಲಿಸಲು ಕೂತಾಗ ಕೋಡಿನಲ್ಲೆಲ್ಲೂ ಸ್ಟೆನ್ಸಿಲ್ ಬಳಸಿಯೇ ಇಲ್ಲವೆಂದು ಕಂಡಿತು. ಯಾವುದೋ ಉದಾಹರಣೆಯಿಂದ ನಕಲಾಗಿ ಬಂದ ಫಾರ್ಮ್ಯಾಟ್ ಅದು. ಬರಿಯ 32 ಬಿಟ್ ಡೆಪ್ತ್ ಇಟ್ಟದ್ದಾಯಿತು.

ವರ್ಟೆಕ್ಸ್ ಸ್ಟ್ರೈಡ್, ಅಂದರೆ ಮಾದರಿಯ ಒಂದೊಂದು ಮೂಲೆಬಿಂದು ಹಿಡಿಯುವ ಬೈಟ್. ಸ್ಥಾನಕ್ಕೆ ಅರ್ಧ-ಫ್ಲೋಟ್ ಮೂರು, 6 ಬೈಟ್, ನಾರ್ಮಲ್ (ಮೈ ಮುಖ ಮಾಡಿದ ದಿಕ್ಕು) 4, ಟೆಕ್ಸ್ಚರ್ (ಮೈಗೆ ಹೊದಿಸುವ ಚಿತ್ರ) ನಿರ್ದೇಶಾಂಕ 4, ಒಟ್ಟು 14. ಮೆಟಲ್‌ಗೆ ಸ್ಟ್ರೈಡ್ ನಾಲ್ಕರ ಗುಣಕವಾಗಿರಬೇಕು. ಪೈಪ್‌ಲೈನ್ (ಶೇಡರ್, ಫಾರ್ಮ್ಯಾಟ್‌ಗಳ ಜೋಡಣೆ) ಕಟ್ಟುವಾಗಲೇ ತಪ್ಪು ಬಂತು, ಮೋಲ್ಟನ್‌ವಿಕೆ ಲಾಗ್‌ನಲ್ಲಿ ಕಾರಣವನ್ನೂ ಸ್ಪಷ್ಟವಾಗಿ ಬರೆದಿತ್ತು. ಮೊದಲು ಕೊನೆಯಲ್ಲಿ 2 ಬೈಟ್ ತುಂಬಿಸಿದ್ದು ಅರ್ಧ ಉಪಾಯವಷ್ಟೇ: ನಾರ್ಮಲ್ 6ನೇ ಬೈಟಿನಿಂದಲೇ ಶುರುವಾಗುತ್ತಿತ್ತು. ಸ್ಥಾನ ಮುಗಿದ ಕೂಡಲೇ 2 ಬೈಟ್ ತುಂಬಿಸಿದರೆ 8, 4, 4 ಸೇರಿ 16, ಎಲ್ಲವೂ ನಾಲ್ಕರ ಮೇಲೆ ಕೂರುತ್ತದೆ. 10 ಲಕ್ಷ ವರ್ಟೆಕ್ಸ್‌ಗಳ ಮಾದರಿಗೆ 20 ಲಕ್ಷ ಬೈಟ್ ಹೆಚ್ಚು. ನುಂಗಿಕೊಳ್ಳಬಹುದಾದ ನಷ್ಟ.

ಟ್ರಯಾಂಗಲ್ ಫ್ಯಾನ್. ಮೆಟಲ್‌ಗೆ ಗೊತ್ತಿರುವ ಆಕಾರಗಳು ಐದು: ಬಿಂದು, ಗೆರೆ, ಗೆರೆಸಾಲು, ತ್ರಿಕೋನ, ತ್ರಿಕೋನಸಾಲು. ಬೀಸಣಿಗೆ (ಫ್ಯಾನ್, ಒಂದೇ ಬಿಂದುವಿನ ಸುತ್ತ ಹರಡಿದ ತ್ರಿಕೋನಗಳು) ಅದರಲ್ಲಿಲ್ಲ. ದಿಕ್ಸೂಚಿಯ ವೃತ್ತಕ್ಕೆ ಅಂಚಿನಲ್ಲಿ 64 ಭಾಗ, ನಡುವೆ ಒಂದು, ಮುಚ್ಚಲು ಒಂದು, ಹೀಗೆ 66 ವರ್ಟೆಕ್ಸ್‌ಗಳ ಫ್ಯಾನ್ ಇತ್ತು. ಅದೇ ವರ್ಟೆಕ್ಸ್‌ಗಳಿಗೆ 64 ತ್ರಿಕೋನಗಳ 192 ಇಂಡೆಕ್ಸ್ (ವರ್ಟೆಕ್ಸ್‌ನ ಕ್ರಮಸಂಖ್ಯೆ) ಬರೆದು ಲಿಸ್ಟ್ ಮಾಡಿದ್ದಾಯಿತು. ಇಂಡೆಕ್ಸ್‌ಗೆ 16 ಬಿಟ್ ಬಳಸಿ. 8 ಬಿಟ್ ಇಂಡೆಕ್ಸ್ ಮೆಟಲ್‌ನಲ್ಲಿಲ್ಲ. ಇನ್ನೊಂದು ವಿಷಯ: ಸಾಲು ಆಕಾರಗಳಲ್ಲಿ ಪ್ರಿಮಿಟಿವ್ ರೀಸ್ಟಾರ್ಟ್ (ವಿಶೇಷ ಇಂಡೆಕ್ಸ್ ಬಂದರೆ ಹೊಸ ಸಾಲು ಶುರು) ಮೆಟಲ್‌ನಲ್ಲಿ ಯಾವಾಗಲೂ ಆನ್, ಆಫ್ ಮಾಡುವ ಸ್ವಿಚ್ಚೇ ಇಲ್ಲ. 65535 ಎಂಬುದು ನಿಜವಾದ ಇಂಡೆಕ್ಸ್ ಆಗಿದ್ದರೆ ಸಾಲು ಅಲ್ಲಿ ಕಡಿಯುತ್ತದೆ.

ದಪ್ಪ ಗೆರೆ. ಗೆರೆಯ ಅಗಲ 1.0 ಮಾತ್ರ. ಪ್ರತಿ ಗೆರೆಗೂ 6 ವರ್ಟೆಕ್ಸ್ ಎಳೆದು, ವರ್ಟೆಕ್ಸ್ ಶೇಡರಿನಲ್ಲೇ ಪರದೆಯ ಅಳತೆಯಲ್ಲಿ ಎರಡೂ ಬದಿಗೆ ಸರಿಸಿ ಆಯತ ಮಾಡಿಕೊಂಡದ್ದು. ಆಮೇಲೆ ಅದೇ ಕೋಡ್ ಲಿನಕ್ಸ್‌ನಲ್ಲೂ ಇರಲಿ ಎನಿಸಿತು, ಯಾಕೆಂದರೆ ಅಲ್ಲಿಯೂ ಡ್ರೈವರಿನಿಂದ ಡ್ರೈವರಿಗೆ ದಪ್ಪ ಗೆರೆಯ ತುದಿ ಬೇರೆಬೇರೆಯಾಗಿ ಕಾಣುತ್ತಿತ್ತು.

ಜಿಯೊಮೆಟ್ರಿ ಶೇಡರ್ (ಹೊಸ ಆಕಾರ ಹುಟ್ಟಿಸುವ ಶೇಡರ್). ಇಲ್ಲ. ಇದರ ಮೇಲೆ ನಿಂತಿದ್ದವು ಎರಡು ನೋಟ. ನಾರ್ಮಲ್ ಗೆರೆ ತೋರಿಸುವ ನೋಟಕ್ಕೆ ಬದಲಿ ಸುಲಭ: ವರ್ಟೆಕ್ಸ್ ಬಫರನ್ನು ಸ್ಟೋರೇಜ್ ಬಫರ್ ಆಗಿ ಕೊಟ್ಟು, ಒಂದು ಡ್ರಾ ಕರೆಯಲ್ಲಿ 2 ವರ್ಟೆಕ್ಸ್, ಇನ್‌ಸ್ಟೆನ್ಸ್ (ಇಲ್ಲಿ ಅದೇ ಡ್ರಾ ಮರುಕಳಿಸುವುದು) ಸಂಖ್ಯೆಗೆ ಮಾದರಿಯ ವರ್ಟೆಕ್ಸ್ ಸಂಖ್ಯೆ. ಶೇಡರ್ ಇನ್‌ಸ್ಟೆನ್ಸ್ ನಂಬರಿನಿಂದ ವರ್ಟೆಕ್ಸ್ ಓದಿ, ಡ್ರಾದ ವರ್ಟೆಕ್ಸ್ ನಂಬರ್ 0 ಬಂದರೆ ಬುಡ, 1 ಬಂದರೆ ತುದಿ ಕೊಡುತ್ತದೆ. ತುಂಬಿದ ಮೈಮೇಲೆ ತಂತಿಗೆರೆ ತೋರಿಸುವ ನೋಟ ಸ್ವಲ್ಪ ಕಾಡಿತು. ತ್ರಿಕೋನದ ಮೂರು ಮೂಲೆಗೆ (1,0,0), (0,1,0), (0,0,1) ಕೊಟ್ಟು ಅಂಚಿನ ದೂರ ಅಳೆಯುವ ಹಳೆಯ ಉಪಾಯಕ್ಕೆ ಇಂಡೆಕ್ಸ್ ಇಲ್ಲದ ಡ್ರಾ ಬೇಕು. ಇಂಡೆಕ್ಸ್ ಇದ್ದರೆ ಒಂದೇ ವರ್ಟೆಕ್ಸ್ ಹಲವು ತ್ರಿಕೋನಗಳಿಗೆ ಸೇರಿರುತ್ತದೆ. ಹಾಗಾಗಿ ಇಂಡೆಕ್ಸ್ ಬಫರನ್ನೂ ಸ್ಟೋರೇಜ್ ಬಫರ್ ಮಾಡಿ, ಡ್ರಾ ಕರೆಯ ವರ್ಟೆಕ್ಸ್ ನಂಬರಿನಿಂದ ಇಂಡೆಕ್ಸ್ ಓದಿ, ನಂಬರನ್ನು 3ರಿಂದ ಭಾಗಿಸಿದ ಶೇಷದಿಂದ ಮೂಲೆ ಗುರುತಿಸಿದ್ದು. ಇದರಲ್ಲಿ ವರ್ಟೆಕ್ಸ್ ಕ್ಯಾಶ್‌ನ ಲಾಭ ಹೋಗುತ್ತದೆ. ಆ ನೋಟ ಆನ್ ಇದ್ದಾಗ ಮಾತ್ರ ಈ ಪೈಪ್‌ಲೈನ್ ಬಳಸುವಂತೆ ಬೇರೆ ಇಡಿ.

ಡಬಲ್. ಒಂದು ಕಂಪ್ಯೂಟ್ ಶೇಡರ್ ದೂರದ ಸ್ಥಾನಗಳಿಗೆ 64 ಬಿಟ್ ಫ್ಲೋಟ್ ಬಳಸುತ್ತಿತ್ತು. ಮೆಟಲ್‌ನ ಶೇಡರ್ ಭಾಷೆಯಲ್ಲಿ ಡಬಲ್ ಎಂಬುದೇ ಇಲ್ಲ, ಆದರೆ ಮರುಗಬೇಕಿಲ್ಲ. ಕ್ಯಾಮೆರಾದ ಸ್ಥಾನವನ್ನು ಸಿಪಿಯುನಲ್ಲೇ ಡಬಲ್‌ನಲ್ಲಿ ಕಳೆದು, ಉಳಿದ ಅಂತರವನ್ನು ಮಾತ್ರ ಫ್ಲೋಟ್‌ನಲ್ಲಿ ಕಳಿಸಿದ್ದು ಸಾಕಾಯಿತು.

ಮೂರು ಚಾನೆಲ್‌ನ 8 ಬಿಟ್ ಟೆಕ್ಸ್ಚರ್ ಇಲ್ಲ, ನಾಲ್ಕಕ್ಕೆ ಹಿಗ್ಗಿಸಿ. ಇಂಟೆಲ್ ಮ್ಯಾಕ್‌ಬುಕ್‌ನಲ್ಲಿ ಮಾತ್ರ ಕೈಕೊಟ್ಟದ್ದು ಸಿಪಿಯು ನೇರ ಬರೆಯುವ ಲೀನಿಯರ್ ಟೆಕ್ಸ್ಚರ್. ಬಫರಿಗೆ ಬರೆದು ಅಲ್ಲಿಂದ ನಕಲಿಸುವ ಸಾಮಾನ್ಯ ದಾರಿಗೆ ತಿರುಗಿಸಿದ ಮೇಲೆ ಎರಡೂ ಯಂತ್ರದಲ್ಲಿ ಸರಿ.

ಹಂತ 6: ಶೇಡರ್

ಸ್ಪಿರ್-ವಿ (ವಲ್ಕನ್‌ಗೆ ಕೊಡುವ ಕಂಪೈಲ್ ಆದ ರೂಪ) ಶೇಡರನ್ನು ಮೋಲ್ಟನ್‌ವಿಕೆ ತನ್ನೊಳಗಿನ ಸ್ಪಿರ್‌ವಿ-ಕ್ರಾಸ್ ಮೂಲಕ ಮೆಟಲ್ ಭಾಷೆಗೆ ತಿರುಗಿಸುತ್ತದೆ. ಪರದೆಯ ವೈ ಅಕ್ಷ ವಲ್ಕನ್‌ನಲ್ಲಿ ಕೆಳಮುಖ, ಮೆಟಲ್‌ನಲ್ಲಿ ಮೇಲ್ಮುಖ. ಆ ತಿರುವನ್ನು ಅದೇ ಮಾಡಿಕೊಳ್ಳುತ್ತದೆ. ನೀವೂ ಮ್ಯಾಕ್‌ಗೆಂದು ಪ್ರತ್ಯೇಕ ತಿರುಗಿಸಿದರೆ ಮಾದರಿ ತಲೆಕೆಳಗೆ.

16ರ ಗೋಡೆ. ಮೆಟಲ್‌ನಲ್ಲಿ ಒಂದು ಹಂತದ ಶೇಡರಿಗೆ ನೇರವಾಗಿ ಕಟ್ಟಬಹುದಾದ ಸ್ಯಾಂಪ್ಲರ್ (ಟೆಕ್ಸ್ಚರ್ ಓದುವ ರೀತಿ ಹೇಳುವುದು) 16 ಮಾತ್ರ, ಬಫರ್ 31. ವರ್ಟೆಕ್ಸ್ ಬಫರುಗಳೂ ಆ 31ರಲ್ಲೇ ಪಾಲು ಕೇಳುತ್ತವೆ. ಇಲ್ಲಿನ ಮೆಟೀರಿಯಲ್ ಶೇಡರಿನಲ್ಲಿ ಟೆಕ್ಸ್ಚರ್-ಸ್ಯಾಂಪ್ಲರ್ ಜೋಡಿ 20 ಇದ್ದವು. ಜೋಡಿ ಎಂದರೆ ಪ್ರತಿಯೊಂದಕ್ಕೂ ಒಂದು ಸ್ಯಾಂಪ್ಲರ್ ಖರ್ಚು. ಮೊದಲ ಉಪಾಯ: 'ಎಂವಿಕೆ_ಕಾನ್ಫಿಗ್_ಯೂಸ್_ಮೆಟಲ್_ಆರ್ಗ್ಯುಮೆಂಟ್_ಬಫರ್ಸ್' 1 ಮಾಡುವುದು. ಎಂ1ನಲ್ಲಿ ಮಿತಿ ಮೇಲೇರಿತು, ಆದರೆ ಇಂಟೆಲ್ ಯಂತ್ರವನ್ನೂ ಇದರ ಮೇಲೇ ನಿಲ್ಲಿಸುವ ಧೈರ್ಯ ಬರಲಿಲ್ಲ. ಎರಡನೆಯದು ಗಟ್ಟಿ ಉಪಾಯ: ಜೋಡಿಯನ್ನು ಒಡೆಯುವುದು. 20 ಟೆಕ್ಸ್ಚರ್‌ಗೂ ನಿಜವಾಗಿ ಬೇಕಿದ್ದ ಸ್ಯಾಂಪ್ಲರ್ ಬಗೆ 4 ಮಾತ್ರ. 20 ಪ್ರತ್ಯೇಕ ಟೆಕ್ಸ್ಚರ್, 4 ಪ್ರತ್ಯೇಕ ಸ್ಯಾಂಪ್ಲರ್ ಮಾಡಿದ ಮೇಲೆ ಯಾವ ಸೆಟ್ಟಿಂಗಿನ ಹಂಗೂ ಇಲ್ಲ. ಡಿಸ್ಕ್ರಿಪ್ಟರ್ ಇಂಡೆಕ್ಸಿಂಗ್‌ನಿಂದ ಸಾವಿರಾರು ಟೆಕ್ಸ್ಚರ್ ಒಟ್ಟಿಗೆ ಕಟ್ಟುವವರಿಗೆ ಮಾತ್ರ ಆರ್ಗ್ಯುಮೆಂಟ್ ಬಫರ್ ತಪ್ಪದು.

ಮಿನುಗುವ ಕಪ್ಪು ಚುಕ್ಕೆ. ಎಲ್ಲಕ್ಕಿಂತ ಹೆಚ್ಚು ಸಮಯ ನುಂಗಿದ ದೋಷ ಇದು. ರೆಂಡರರ್ ಮೊದಲು ಡೆಪ್ತ್ ಮಾತ್ರ ಬರೆದು, ಎರಡನೆಯ ಸುತ್ತಿನಲ್ಲಿ ಡೆಪ್ತ್ ಸರಿಸಮ ಇದ್ದರೆ ಮಾತ್ರ ಬಣ್ಣ ಹಾಕುತ್ತದೆ. ಕ್ಯಾಮೆರಾ ಅಲುಗಿದರೆ ಮೈಮೇಲೆಲ್ಲ ಕಪ್ಪು ಚುಕ್ಕೆ ಮಿನುಗುತ್ತಿದ್ದವು, ಲಿನಕ್ಸ್‌ನಲ್ಲಿ ಒಂದೂ ಇಲ್ಲ. ಬ್ಯಾರಿಯರ್ (ಒಂದು ಕೆಲಸ ಮುಗಿಯುವವರೆಗೆ ಮುಂದಿನದನ್ನು ತಡೆಯುವುದು) ತಪ್ಪಿರಬೇಕೆಂದು ಮೊದಲ ಅನುಮಾನ. ಸಿಂಕ್ರೊನೈಸೇಷನ್ ವ್ಯಾಲಿಡೇಷನ್ ಓಡಿಸಿದರೆ ಒಂದು ದೂರೂ ಬರಲಿಲ್ಲ. ಹಂತ 5ರಲ್ಲಿ ಡೆಪ್ತ್ ಫಾರ್ಮ್ಯಾಟ್ ಬದಲಿಸಿದ್ದೇ ಕಾರಣವೇ ಎಂದು 16 ಬಿಟ್‌ಗೆ ಇಳಿಸಿ ನೋಡಿದರೆ ಚುಕ್ಕೆ ಕಡಿಮೆಯಾದವು, ಹೋಗಲಿಲ್ಲ. ಇದು ದಾರಿ ತಪ್ಪಿಸಿದ ಸುಳಿವು. ಡೆಪ್ತ್ ಬಯಾಸ್ (ಡೆಪ್ತ್ ಅನ್ನು ತುಸು ಸರಿಸುವುದು) ಹಾಕಿ ತೇಪೆ ಹಚ್ಚಲು ಹೋದರೆ, ಸರಿಸಮ ಹೋಲಿಕೆಯಲ್ಲಿ ಬಯಾಸ್ ಎಂದರೆ ಪೂರ್ತಿ ಕಪ್ಪು. ಅಷ್ಟು ಯೋಚಿಸದೆ ಮಾಡಿದ್ದು ಮೂರ್ಖತನ.

'ಎಂವಿಕೆ_ಕಾನ್ಫಿಗ್_ಶೇಡರ್_ಡಂಪ್_ಡಿಐಆರ್' ಕೊಟ್ಟು ಎರಡೂ ಸುತ್ತಿನ ಮೆಟಲ್ ಕೋಡ್ ಹೊರತೆಗೆದು ಅಕ್ಕಪಕ್ಕ ಇಟ್ಟರೆ ಸ್ಥಾನದ ಲೆಕ್ಕ ಅಕ್ಷರಶಃ ಒಂದೇ. ಹಾಗಾದರೆ ವ್ಯತ್ಯಾಸ ಹುಟ್ಟುವುದು ಅದರ ಮುಂದಿನ ಕಂಪೈಲರಿನಲ್ಲಿ. ಫಾಸ್ಟ್ ಮ್ಯಾತ್ (ತುಸು ನಿಖರತೆ ಬಿಟ್ಟು ವೇಗ) ಇದ್ದಾಗ ಮೆಟಲ್ ಕಂಪೈಲರ್ ಗುಣಾಕಾರ, ಸಂಕಲನಗಳನ್ನು ತನ್ನಿಷ್ಟದಂತೆ ಬೆಸೆಯುತ್ತದೆ. ಎರಡು ಶೇಡರಿನಲ್ಲಿ ಸುತ್ತಲಿನ ಕೋಡ್ ಬೇರೆ, ಬೆಸುಗೆಯೂ ಬೇರೆ, ಕೊನೆಯ ಬಿಟ್ ಬೇರೆ. ಸರಿಸಮ ಎಂಬ ಹೋಲಿಕೆ ಅಲ್ಲಿಗೆ ಮುರಿಯಿತು. ಮದ್ದು ಎರಡೂ ಜಿಎಲ್‌ಎಸ್‌ಎಲ್ (ಶೇಡರ್ ಬರೆಯುವ ಭಾಷೆ) ಶೇಡರಿನ ತಲೆಯಲ್ಲಿ ಒಂದು ಸಾಲು: 'ಇನ್‌ವೇರಿಯಂಟ್ ಜಿಎಲ್_ಪೊಸಿಷನ್'. ಒಂದರಲ್ಲೇ ಹಾಕಿದರೆ ಸಾಲದು. ಫಾಸ್ಟ್ ಮ್ಯಾತ್ ಪೂರ್ತಿ ಆಫ್ ಮಾಡುವ ಸೆಟ್ಟಿಂಗ್ ಇದೆ, ಆದರೆ ಒಂದು ಲೆಕ್ಕಕ್ಕಾಗಿ ಎಲ್ಲ ಶೇಡರಿನ ವೇಗ ಬಿಟ್ಟುಕೊಡುವುದು ಬೇಡವೆನಿಸಿತು. ಅಸಲಿಗೆ ವಲ್ಕನ್ ನಿಯಮದ ಪ್ರಕಾರವೂ ಆ ಸಾಲು ಇರಲೇಬೇಕಿತ್ತು. ಲಿನಕ್ಸ್‌ನಲ್ಲಿ ಅದೃಷ್ಟದಿಂದ ನಡೆದಿತ್ತಷ್ಟೇ.

ಮೊದಲ ಸಲದ ತಡವರಿಕೆ. ಪೈಪ್‌ಲೈನ್ ಕಟ್ಟುವಾಗ ಭಾಷಾಂತರ ಒಮ್ಮೆ, ಮೆಟಲ್ ಕಂಪೈಲ್ ಒಮ್ಮೆ. ವಲ್ಕನ್ ಪೈಪ್‌ಲೈನ್ ಕ್ಯಾಶ್ ಉಳಿಸಿದರೆ ಮೊದಲನೆಯದು ತಪ್ಪುತ್ತದೆ, ಏಕೆಂದರೆ ಮೋಲ್ಟನ್‌ವಿಕೆ ಅದರಲ್ಲಿ ಇಡುವುದು ತಿರುಗಿಸಿದ ಮೆಟಲ್ ಕೋಡನ್ನು. ಎರಡನೆಯದಕ್ಕೆ ಮ್ಯಾಕ್‌ಓಎಸ್‌ನ ಸ್ವಂತ ಕ್ಯಾಶ್ ಇದೆ. ಕಡತವನ್ನು ಲೈಬ್ರರಿ/ಕ್ಯಾಶಸ್ ಫೋಲ್ಡರಿನಲ್ಲಿ ಇಡಿ. ಆಪ್ ಬಂಡಲ್‌ನೊಳಗೆ ಬರೆದರೆ ಆಪ್‌ನ ಡಿಜಿಟಲ್ ಸಹಿ ಒಡೆಯುತ್ತದೆ.

ಟೈಲ್ ಮೆಮೊರಿಯ ಮಾತೂ ಇಲ್ಲೇ ಮುಗಿಸಬಹುದು. ಆಪಲ್ ಜಿಪಿಯು ಪರದೆಯನ್ನು ತುಂಡು ತುಂಡಾಗಿ ಚಿಪ್‌ನೊಳಗಿನ ಮೆಮೊರಿಯಲ್ಲಿ ಬಿಡಿಸುತ್ತದೆ. 2560×1440ಕ್ಕೆ 4 ಪಟ್ಟು ಎಂಎಸ್‌ಎಎ (ಅಂಚು ನುಣುಪಾಗಿಸಲು ಪಿಕ್ಸೆಲ್‌ಗೆ 4 ಬೆಲೆ ಇಡುವುದು) ಎಂದರೆ ಬಣ್ಣಕ್ಕೇ 5,89,82,400 ಬೈಟ್, ಸುಮಾರು 56 ಎಂಬಿ. 32 ಬಿಟ್ ಡೆಪ್ತ್‌ಗೆ ಮತ್ತಷ್ಟೇ. ಎರಡೂ ಚಿತ್ರಗಳಿಗೆ ಟ್ರಾನ್ಸಿಯೆಂಟ್ ಅಟ್ಯಾಚ್‌ಮೆಂಟ್ ಬಳಕೆ, ಲೇಜಿಲಿ ಅಲೊಕೇಟೆಡ್ ಮೆಮೊರಿ, ಸ್ಟೋರ್ ಆಪ್‌ಗೆ 'ಡೋಂಟ್ ಕೇರ್' ಕೊಟ್ಟರೆ ಆ 112 ಎಂಬಿ ರ್‍ಯಾಮ್‌ಗೆ ಬರುವುದೇ ಇಲ್ಲ. 8 ಜಿಬಿ ಯಂತ್ರದಲ್ಲಿ ಇದು ಸಣ್ಣದಲ್ಲ. ಡೆಪ್ತ್ ಅನ್ನು ಇನ್ನೊಂದು ಪಾಸ್ ಓದುತ್ತಿದ್ದರೆ ಮಾತ್ರ ಈ ಉಪಾಯ ನಡೆಯದು.

ಹಂತ 7: ಪ್ಯಾಕಿಂಗ್, ಸಹಿ, ಮತ್ತೆ ಮೈನಸ್ 9

ಬಂಡಲ್‌ನಲ್ಲಿ ಲೋಡರ್ ಮತ್ತು ಮೋಲ್ಟನ್‌ವಿಕೆ ಡೈಲಿಬ್‌ಗಳು ಕಂಟೆಂಟ್ಸ್/ಫ್ರೇಮ್‌ವರ್ಕ್ಸ್‌ನಲ್ಲಿ. ಜೇಸನ್ ಕಡತ ಕಂಟೆಂಟ್ಸ್/ರಿಸೋರ್ಸಸ್/ವಲ್ಕನ್/ಐಸಿಡಿ.ಡಿ ಒಳಗೆ. ಜೇಸನ್‌ನಲ್ಲಿ ಲೈಬ್ರರಿಯ ದಾರಿ ಆ ಕಡತ ಇರುವ ಜಾಗದಿಂದ ಲೆಕ್ಕ: ಮೂರು ಸಲ ಮೇಲೆ ಹತ್ತಿ ಆಮೇಲೆ ಫ್ರೇಮ್‌ವರ್ಕ್ಸ್. ಎರಡೇ ಸಲ ಹತ್ತಿಸಿ ಬರೆದಿತ್ತು. ಕಟ್ಟಿದ ಯಂತ್ರದಲ್ಲಿ ಎಲ್ಲವೂ ಸರಿಯಾಗಿ ಓಡಿತು, ಇನ್ನೊಂದು ಯಂತ್ರದಲ್ಲಿ -9. ಎಸ್‌ಡಿಕೆ ಹಾಕುವಾಗ ಯುಎಸ್‌ಆರ್/ಲೋಕಲ್ ಕೆಳಗೆ ಇನ್ನೊಂದು ಜೇಸನ್ ಕೂತಿತ್ತು, ಲೋಡರ್ ಸದ್ದಿಲ್ಲದೆ ಅದನ್ನೇ ಹಿಡಿದಿತ್ತು. ಅದೇ ಯಂತ್ರದಲ್ಲಿ ಹೊಸ ಯೂಸರ್ ಖಾತೆ ಮಾಡಿ ಪರೀಕ್ಷಿಸಿದರೂ ಇದು ಸಿಕ್ಕಿಬೀಳುವುದಿಲ್ಲ, ಎಸ್‌ಡಿಕೆ ಇಲ್ಲದ ಯಂತ್ರವೇ ಬೇಕು. 'ವಿಕೆ_ಲೋಡರ್_ಡೀಬಗ್' ಗೆ 'ಆಲ್' ಕೊಟ್ಟರೆ ಯಾವ ಜೇಸನ್, ಯಾವ ಡೈಲಿಬ್ ಎಂಬುದೆಲ್ಲ ಸಾಲುಸಾಲಾಗಿ ಬರುತ್ತದೆ. ಅದನ್ನು ಮೊದಲೇ ನೋಡಬೇಕಿತ್ತು.

ಡೈಲಿಬ್ ದಾರಿ ತಿದ್ದಲು 'ಇನ್‌ಸ್ಟಾಲ್_ನೇಮ್_ಟೂಲ್' ಓಡಿಸಿದ ಮೇಲೆ ಪ್ರೋಗ್ರಾಮ್ 'ಕಿಲ್ಡ್: 9' ಎಂದು ಸತ್ತಿತು. ಬೇರೆ ಒಂದಕ್ಷರವಿಲ್ಲ. ಎಂ ಸರಣಿಯ ಮ್ಯಾಕ್‌ನಲ್ಲಿ ಸಹಿಯಿಲ್ಲದ ಅಥವಾ ಸಹಿ ಕೆಟ್ಟ ಎಆರ್‌ಎಂ ಕೋಡ್ ಓಡುವುದೇ ಇಲ್ಲ. ಕಡತದ ಒಂದು ಬೈಟ್ ತಿದ್ದಿದರೂ ಹಳೆಯ ಸಹಿ ಸಲ್ಲದು. ಆದ್ದರಿಂದ ಕ್ರಮ ಹೀಗಿರಲಿ: ಮೊದಲು ದಾರಿಗಳ ತಿದ್ದುಪಡಿ ಎಲ್ಲ ಮುಗಿಸಿ, ಆಮೇಲೆ ಫ್ರೇಮ್‌ವರ್ಕ್ಸ್‌ನ ಒಂದೊಂದು ಡೈಲಿಬ್‌ಗೂ ಸಹಿ, ಕೊನೆಗೆ ಆಪ್‌ಗೆ. ಒಳಗಿನಿಂದ ಹೊರಕ್ಕೆ. 'ಡೀಪ್' ಆಯ್ಕೆ ಕೊಟ್ಟು ಒಂದೇ ಏಟಿಗೆ ಮುಗಿಸುವ ಆಸೆ ಬೇಡ. ಕೋಡ್‌ಸೈನ್‌ಗೆ 'ಆಪ್ಷನ್ಸ್ ರನ್‌ಟೈಮ್' ಮತ್ತು 'ಟೈಮ್‌ಸ್ಟ್ಯಾಂಪ್' ಕೊಡದಿದ್ದರೆ ನೋಟರೈಸ್ (ಆಪಲ್ ತಪಾಸಿಸಿ ಒಪ್ಪುವುದು) ಆಗುವುದಿಲ್ಲ. ಎಲ್ಲ ಡೈಲಿಬ್‌ಗಳಿಗೂ ಒಂದೇ ಡೆವಲಪರ್ ಸಹಿ ಇರಲಿ. ಎಸ್‌ಡಿಕೆಯಿಂದ ಬಂದ ಸಹಿಯನ್ನೇ ಬಿಟ್ಟರೆ ಹಾರ್ಡನ್ಡ್ ರನ್‌ಟೈಮ್ (ಮೇಲಿನ ರನ್‌ಟೈಮ್ ಆಯ್ಕೆ ತರುವ ಬಿಗಿ ರಕ್ಷಣೆ) ಆ ಲೈಬ್ರರಿಯನ್ನು ಒಳಗೆ ಬಿಡುವುದಿಲ್ಲ. ಲೋಡರ್ ಅದನ್ನು ಬಿಟ್ಟು ಮುಂದೆ ಹೋಗಿ ಮತ್ತದೇ -9 ಕೊಡುತ್ತದೆ. ಒಂದೇ ಸಂಖ್ಯೆ, ಮೂರನೆಯ ಕಾರಣ.

ಕಳಿಸುವ ಜಿಪ್ ಅನ್ನು 'ಡಿಟ್ಟೊ' ಮೂಲಕ 'ಕೀಪ್‌ಪೇರೆಂಟ್' ಕೊಟ್ಟು ಮಾಡಿ, 'ನೋಟರಿಟೂಲ್ ಸಬ್ಮಿಟ್' ಜೊತೆ 'ವೇಟ್' ಹಾಕಿ. ಹಳೆಯ ಆಲ್ಟ್‌ಟೂಲ್ ದಾರಿ 2023ರ ನವೆಂಬರಿನಲ್ಲಿ ಮುಚ್ಚಿದೆ. ತಿರಸ್ಕೃತವಾದರೆ 'ನೋಟರಿಟೂಲ್ ಲಾಗ್' ಯಾವ ಕಡತವೆಂದು ಹೇಳುತ್ತದೆ. ಒಪ್ಪಿದ ಮೇಲೆ ಚೀಟಿ ಅಂಟುವುದು ಆಪ್‌ಗೆ, ಜಿಪ್‌ಗಲ್ಲ. ಸ್ಟೇಪಲ್ ಮಾಡಿ ಮತ್ತೊಮ್ಮೆ ಜಿಪ್ ಮಾಡಿ. ಪರೀಕ್ಷೆಗೆ ಪೆನ್‌ಡ್ರೈವ್‌ನಲ್ಲಿ ಕೊಂಡೊಯ್ದರೆ ಇಂಟರ್ನೆಟ್‌ನಿಂದ ಬಂದದ್ದೆಂಬ ಕ್ವಾರಂಟೈನ್ ಗುರುತು ಬೀಳದೆ, ಸಹಿ ತಪ್ಪಿದ್ದರೂ ತೆರೆದುಬಿಡಬಹುದು. ಬ್ರೌಸರಿನಿಂದ ಡೌನ್‌ಲೋಡ್ ಮಾಡಿಯೇ ನೋಡಿ.

ಬಾಕಿ

ಇನ್‌ಡೈರೆಕ್ಟ್ ಕೌಂಟ್ ಡ್ರಾ ಫೀಚರ್ ಇಲ್ಲಿ ಸುಳ್ಳೆಂದು ಬರುತ್ತಿದೆ. ಜಿಪಿಯುವೇ ಎಷ್ಟು ಡ್ರಾ ಎಂದು ತೀರ್ಮಾನಿಸುವ ದಾರಿ ಮ್ಯಾಕ್‌ನಲ್ಲಿ ಆಫ್. ಗರಿಷ್ಠ ಸಂಖ್ಯೆಯಷ್ಟು ಡ್ರಾ ಕೊಟ್ಟು, ಬೇಡವಾದವುಗಳ ಇನ್‌ಸ್ಟೆನ್ಸ್ ಸಂಖ್ಯೆ ಶೂನ್ಯ ಮಾಡಲಾಗುತ್ತಿದೆ. ಲೂನಾರ್‌ಜಿಯವರು ಮೆಸಾ ಎಂಬ ಮುಕ್ತ ಗ್ರಾಫಿಕ್ಸ್ ಡ್ರೈವರ್ ಯೋಜನೆಯ ತಳಹದಿಯ ಮೇಲೆ ಕಟ್ಟಿರುವ ಕೋಸ್ಮಿಕ್‌ಕ್ರಿಸ್ಪ್ ಎಂಬ ಇನ್ನೊಂದು ವಲ್ಕನ್-ಮೆಟಲ್ ಡ್ರೈವರ್ ಆಪಲ್ ಚಿಪ್‌ಗಳಿಗೆ ಬಂದಿದೆ. ಮೋಲ್ಟನ್‌ವಿಕೆಗೆ ನೇರ ಲಿಂಕ್ ಮಾಡದೆ ಲೋಡರ್ ಉಳಿಸಿಕೊಂಡದ್ದು ಇದಕ್ಕೇ: ಡೆವಲಪ್‌ಮೆಂಟ್ ಬಿಲ್ಡಿನಲ್ಲಿ 'ವಿಕೆ_ಡ್ರೈವರ್_ಫೈಲ್ಸ್' ಮೂಲಕ ಅದರ ಜೇಸನ್ ತೋರಿಸಿದರೆ ಕೋಡ್ ಮುಟ್ಟದೆ ಡ್ರೈವರ್ ಬದಲಾಗುತ್ತದೆ. ಹಂತ 5ರ ತಿದ್ದುಪಡಿಗಳನ್ನೆಲ್ಲ 'ಮ್ಯಾಕ್ ಆದರೆ' ಎಂಬ ಷರತ್ತಿನಿಂದ ತೆಗೆದು 'ಫೀಚರ್ ಇಲ್ಲದಿದ್ದರೆ' ಎಂಬುದಕ್ಕೆ ಬದಲಿಸುವ ಕೆಲಸ ನಡೆದಿದೆ. ದಪ್ಪ ಗೆರೆ, ಫ್ಯಾನ್ ಆಗಿವೆ. ತಂತಿಗೆರೆಯ ನೋಟ ಇನ್ನೂ ಆಗಬೇಕು.